ಫೇರಿಗಳ ಕಾದಂಬರಿ ಬರೆಯುತ್ತಿರುವ ಗೆಳತಿಗೆ

ಪ್ರಿಯ ಗೆಳತಿ,

ಫೇರಿಗಳ, ಅಂದರೆ ಪಶ್ಚಿಮದ ಜನಪದ ಕಥೆಗಳ ಮಾಯಾಜೀವಿಗಳ, ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಹೊಗಳಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ತಕರಾರು ಶುರುವಾದ ಮೇಲೆ ಅದು ಮರೆತುಹೋಗುವ ಸಂಭವವಿದೆ. ಹದಿನಾರರ ಹುಡುಗಿಯ ಮಾತು ನಿನಗೆ ಚೆನ್ನಾಗಿ ಒಲಿದಿದೆ. ಅವಳು ತಂಗಿಯೊಂದಿಗೆ ಜಗಳವಾಡುವ ಪುಟಗಳಲ್ಲಿ ಒಂದು ಸಾಲನ್ನೂ ಮುಟ್ಟಬೇಡ. ಫೇರಿ ರಾಜಕುಮಾರ ಮೊದಲು ಕಾಣಿಸಿಕೊಂಡಾಗ ಅವನ ಕಣ್ಣು ಮೂಗನ್ನು ವರ್ಣಿಸದೆ, ಅವನು ನಡೆದಲ್ಲಿ ಹುಲ್ಲು ಬಾಗಲಿಲ್ಲ ಎಂದಷ್ಟೇ ಬರೆದಿದ್ದೀಯಲ್ಲ, ಅಲ್ಲಿ ನನಗೆ ಹೊಟ್ಟೆಕಿಚ್ಚಾಯಿತು.

ಇನ್ನು ತಕರಾರು. ಕಬ್ಬಿಣ ತಾಗಿದರೆ ಫೇರಿಗಳ ಚರ್ಮ ಸುಡುತ್ತದೆ ಎಂದು ಮೂರನೆಯ ಅಧ್ಯಾಯದಲ್ಲಿ ಹೇಳಿದ್ದೀಯ. ಹನ್ನೆರಡನೆಯದರಲ್ಲಿ ಅದೇ ರಾಜಕುಮಾರ ಅವಳ ಮನೆಯ ಕಬ್ಬಿಣದ ಗೇಟಿನ ಚಿಲಕ ಸರಿಸಿ, ಒಳಗೆ ಬಂದು ಮುತ್ತಿಡುತ್ತಾನೆ. ಗೇಟನ್ನು ಮರದ್ದು ಮಾಡಿದರೆ ಸಾಲದೇ ಎಂದು ನೀನು ಕೇಳಬಹುದು. ಸಾಲದು. ನಿನ್ನ ಕಾದಂಬರಿಯಲ್ಲಿ ಮಾಯೆ ಒಂದು ದಾರಿ ಹಿಡಿದಿದೆ, ಪ್ರೇಮ ಇನ್ನೊಂದು. ಯುದ್ಧದ ಅಧ್ಯಾಯಗಳಲ್ಲಿ ಕಟ್ಟುನಿಟ್ಟಾಗಿರುವ ನಿಯಮಗಳೆಲ್ಲ ಪ್ರೇಮದ ಪುಟ ಬಂದೊಡನೆ ರಜೆ ಹಾಕುತ್ತವೆ. ಆಗ ಇಬ್ಬರ ನಡುವೆ ಉಳಿಯುವ ಅಡ್ಡಿಯಾದರೂ ಏನು? ಅವನು ಬೇರೊಬ್ಬಳೊಂದಿಗೆ ನಗುತ್ತಿದ್ದುದನ್ನು ಕಂಡು ಇವಳು ಮುನಿಸಿಕೊಂಡದ್ದು. ಅಷ್ಟಕ್ಕೆ ಫೇರಿ ಲೋಕವನ್ನು ಕಟ್ಟುವ ಶ್ರಮ ಯಾಕೆ, ಕಾಲೇಜಿನ ಕಾರಿಡಾರ್ ಸಾಕು.

ಗೇಟು ಕಬ್ಬಿಣದ್ದೇ ಇರಲಿ. ಅವನು ಹೊರಗೆ ನಿಲ್ಲಲಿ. ಚಿಲಕ ತೆಗೆಯಬೇಕಾದವಳು ಅವಳು, ತೆಗೆಯಲೋ ಬೇಡವೋ ಎಂದು ಒಂದು ಪುಟದಷ್ಟು ಹೊತ್ತು ಅವಳು ಯೋಚಿಸಲಿ. ಇಲ್ಲವೇ ಅವನೇ ಚಿಲಕಕ್ಕೆ ಕೈ ಹಾಕಲಿ. ಅಂಗೈಯಲ್ಲಿ ಬೊಬ್ಬೆ ಏಳಲಿ. ಮರುದಿನ ಆಸ್ಥಾನದಲ್ಲಿ ಅವನು ಕೈಯನ್ನು ಬೆನ್ನ ಹಿಂದೆ ಮರೆಮಾಡಿದ್ದನ್ನು ರಾಣಿ ಗಮನಿಸಲಿ. ಒಂದು ಮುತ್ತಿನಿಂದ ಮುಂದಿನ ಐದಾರು ಅಧ್ಯಾಯಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಸ್ಕಾಟ್ಲೆಂಡಿನ ಹಳೆಯ ಲಾವಣಿ 'ಟ್ಯಾಮ್ ಲಿನ್' ಇದನ್ನು ಬಲ್ಲದು. 1549ರ ಹೊತ್ತಿಗಾಗಲೇ ಆ ಕಥೆಯ ಉಲ್ಲೇಖ ಸಿಗುತ್ತದೆ. ಫೇರಿ ರಾಣಿಯ ಸೆರೆಯಲ್ಲಿರುವ ಯುವಕನನ್ನು ಜಾನೆಟ್ ಎಂಬ ಹುಡುಗಿ ಬಿಡಿಸಿಕೊಳ್ಳಬೇಕು. ಅವಳ ಕೈಯಲ್ಲಿ ಮಂತ್ರವಿಲ್ಲ, ಕತ್ತಿಯಿಲ್ಲ. ಹ್ಯಾಲೋವೀನ್ ರಾತ್ರಿ ಫೇರಿಗಳ ಸವಾರಿ ಹೊರಟಾಗ ಅವನನ್ನು ಬಿಳಿಯ ಕುದುರೆಯಿಂದ ಕೆಳಗೆಳೆದು ತಬ್ಬಿ ಹಿಡಿಯುವುದಷ್ಟೇ ಅವಳ ಕೆಲಸ. ಅವನು ಹಾವಾಗುತ್ತಾನೆ, ಕರಡಿಯಾಗುತ್ತಾನೆ, ಸಿಂಹವಾಗುತ್ತಾನೆ. ಲಾವಣಿಯ ಒಂದು ಪಾಠಾಂತರದಲ್ಲಿ ಕೆಂಪಗೆ ಕಾದ ಕಬ್ಬಿಣದ ಸಲಾಕೆಯೂ ಆಗುತ್ತಾನೆ. ಅವಳು ಬಿಡುವುದಿಲ್ಲ. ಇಡೀ ಲಾವಣಿಯಲ್ಲಿ ಪ್ರೇಮವನ್ನು ಹೊಗಳುವ ಸಾಲುಗಳನ್ನು ಹುಡುಕಿದರೆ ನಿನಗೆ ನಿರಾಸೆಯಾದೀತು, ಆದರೆ ಅವಳ ಪ್ರೀತಿ ಎಷ್ಟು ಎಂದು ಯಾರೂ ಕೇಳುವಂತಿಲ್ಲ. ಮಾಯೆಯ ಪರೀಕ್ಷೆಯೂ ಪ್ರೀತಿಯ ಪರೀಕ್ಷೆಯೂ ಅಲ್ಲಿ ಒಂದೇ. ನೀನು ಈ ಕಥೆಯನ್ನು ಎತ್ತಿಕೊಳ್ಳಬೇಕಿಲ್ಲ, ಬಹಳ ಜನ ಎತ್ತಿಕೊಂಡಾಗಿದೆ. ಅದರ ಕಟ್ಟಡ ಹೇಗೆ ನಿಂತಿದೆ ಎಂದು ನೋಡು.

ನೀನು ತಂದಿಟ್ಟು ಬಳಸದೇ ಬಿಟ್ಟ ನಿಯಮಗಳು ಇನ್ನೂ ಇವೆ. ಫೇರಿಗಳು ಸುಳ್ಳಾಡಲಾರರು ಎಂದಿದ್ದೀಯ. ಈಗಿನ ಫೇರಿ ಕಥೆಗಳಲ್ಲಿ ಇದು ತೀರಾ ಬಳಕೆಯಾದ ನಿಯಮ, ಆದರೂ ಹದಿಹರೆಯದ ಪ್ರೇಮಕ್ಕೆ ಇದಕ್ಕಿಂತ ಒಳ್ಳೆಯ ಹತ್ಯಾರ ನನಗೆ ಗೊತ್ತಿಲ್ಲ. ಸುಳ್ಳಾಡಲಾರದವನು ಮಾತು ಜಾರಿಸುವುದರಲ್ಲಿ ನಿಪುಣನಾಗಿರುತ್ತಾನೆ. 'ನನ್ನನ್ನು ಪ್ರೀತಿಸುತ್ತೀಯಾ?' ಎಂದು ಅವಳು ಕೇಳಲಿ. 'ನಿನ್ನಂಥವಳನ್ನು ನಾನು ನೋಡಿಯೇ ಇಲ್ಲ' ಎಂದು ಅವನು ಹೇಳಲಿ. ಮಾತು ನಿಜ, ಉತ್ತರವಲ್ಲ. ಅವಳಿಗೆ ಅಂದು ಅದು ತಿಳಿಯುವುದಿಲ್ಲ. ಎರಡು ಅಧ್ಯಾಯ ಕಳೆದು ಹಾಸಿಗೆಯಲ್ಲಿ ಹೊರಳಾಡುವಾಗ ಥಟ್ಟನೆ ಹೊಳೆಯುತ್ತದೆ. ಮುಂದಿನ ಭೇಟಿಯಲ್ಲಿ ಅವಳು ತಪ್ಪಿಸಿಕೊಳ್ಳಲಾಗದಂತೆ ಪ್ರಶ್ನೆ ಹೆಣೆಯುತ್ತಾಳೆ. ಹೌದು ಅಥವಾ ಇಲ್ಲ. ಅವನು ಸುಮ್ಮನಾಗುತ್ತಾನೆ. ಆ ಮೌನವನ್ನು ಬರೆಯಲು ನಿನಗೆ ಬರುತ್ತದೆ, ತಂಗಿಯ ಜಗಳದಲ್ಲಿ ಬರೆದು ತೋರಿಸಿದ್ದೀಯ.

ಕಾಲದ ವಿಷಯವೂ ಹಾಗೆಯೇ. ಐರಿಷ್ ಕಥೆಯ ಓಷೀನ್ ಚಿರಯೌವನದ ನಾಡಿನಲ್ಲಿ ಮೂರು ವರ್ಷ ಕಳೆದೆನೆಂದುಕೊಂಡು ಮರಳಿದರೆ ಇಲ್ಲಿ ಮುನ್ನೂರು ವರ್ಷ ಸಂದಿರುತ್ತದೆ; ಕುದುರೆಯಿಂದ ಬಿದ್ದು ನೆಲ ತಾಗಿದ ಕ್ಷಣ ಮುದುಕನಾಗುತ್ತಾನೆ. ನಿನ್ನ ಹುಡುಗಿ ಮೂರು ರಾತ್ರಿ ಅಲ್ಲಿ ಕುಣಿದು ಬರುತ್ತಾಳೆ, ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಇಷ್ಟು ಸುಲಭವಾಗಿ ಅವಳನ್ನು ಬಿಟ್ಟುಬಿಡಬೇಡ. ಅವಳು ಮರಳಿದಾಗ ತಂಗಿ ಅವಳಿಗಿಂತ ದೊಡ್ಡವಳಾಗಿರಲಿ. ಹದಿಮೂರರವಳಾಗಿ ಬಿಟ್ಟುಹೋದವಳು ಈಗ ಹದಿನೆಂಟರವಳು, ಅಕ್ಕನಿಗಿಂತ ಎತ್ತರ. ಬಾಗಿಲು ತೆರೆದು 'ಅಕ್ಕಾ' ಎನ್ನಬೇಕೋ ಬೇಡವೋ ಎಂದು ತಡವರಿಸುತ್ತಾಳೆ. ನಿನ್ನ ಯುದ್ಧದ ನಲವತ್ತು ಪುಟಗಳನ್ನು ನಾನು ಈ ಒಂದು ಬಾಗಿಲಿಗೆ ಕೊಟ್ಟುಬಿಡುತ್ತೇನೆ.

ಇನ್ನೊಂದು, ನಿನ್ನ ಫೇರಿಗಳು ಬರೀ ಚಂದ. ಅವರನ್ನು ನಂಬಿದ್ದ ಜನಕ್ಕೆ ಅವರೆಂದರೆ ಭಯವಿತ್ತು. ಹೆಸರು ಹಿಡಿಯಲೂ ಹೆದರಿ 'ಒಳ್ಳೆಯ ಜನ' ಎನ್ನುತ್ತಿದ್ದರು. ರಾಬರ್ಟ್ ಕರ್ಕ್ ಎಂಬ ಸ್ಕಾಟಿಷ್ ಪಾದ್ರಿ 1691ರ ಸುಮಾರಿಗೆ ಅವರ ಬಗ್ಗೆ ಬರೆಯುವಾಗ ಮನುಷ್ಯರಿಗೂ ದೇವದೂತರಿಗೂ ನಡುವಿನ ಜೀವಿಗಳೆಂದು ಗಂಭೀರವಾಗಿಯೇ ಬರೆದ. 1895ರಲ್ಲಿ ಐರ್ಲೆಂಡಿನಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಯುವತಿಯನ್ನು ಅವಳ ಗಂಡನೇ ಸುಟ್ಟು ಕೊಂದ. ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಅದಲು ಬದಲು ಮಾಡಿಟ್ಟವಳು ಎಂಬುದು ಅವನ ವಾದ. ಇದನ್ನೆಲ್ಲ ಕಾದಂಬರಿಯಲ್ಲಿ ತುರುಕು ಎನ್ನುತ್ತಿಲ್ಲ. ಆದರೆ ನಿನ್ನ ಊರಿನ ಮುದುಕಿಯರು ರಾಜಕುಮಾರನ ಹೆಸರು ಕೇಳಿ ನಗುವ ಬದಲು ಕಿಟಕಿ ಮುಚ್ಚಿದರೆ ಅವನ ತೂಕವೇ ಬೇರೆಯಾಗುತ್ತದೆ.

ಅವನ ವಯಸ್ಸಿನ ಬಗ್ಗೆ ಮಾತ್ರ ನಾನು ಬಗ್ಗುವವನಲ್ಲ. ಅವನಿಗೆ ಮುನ್ನೂರು ವರ್ಷ, ಅವಳಿಗೆ ಹದಿನಾರು. ಕಾಣಲು ಹದಿನೇಳರವನಂತಿದ್ದಾನೆ ಎಂಬುದು ಸಮಾಧಾನವಾಗದು. ರಾತ್ರಿ ಕಿಟಕಿಯಾಚೆ ನಿಂತು ಅವಳು ಮಲಗಿದ್ದನ್ನು ನೋಡುವುದನ್ನು ನೀನು ಪ್ರೇಮವೆಂದು ಬರೆದಿದ್ದೀಯ. ನನಗೆ ಪೊಲೀಸರ ನೆನಪಾಯಿತು. ಎರಡು ದಾರಿಗಳಿವೆ. ಅವನನ್ನೂ ನಿಜಕ್ಕೂ ಎಳೆಯನನ್ನಾಗಿ ಮಾಡು, ಆಸ್ಥಾನದಲ್ಲಿ ಯಾರೂ ಲೆಕ್ಕಕ್ಕಿಡದ ಕಿರಿಯವನು. ಇಲ್ಲವೇ ಈ ಅಂತರವನ್ನು ಕಾದಂಬರಿಯೇ ಕಾಣಲಿ, ಅವಳು ಕಂಡು ಹಿಂಜರಿಯಲಿ. ಮೊದಲನೆಯದು ನಿನ್ನ ಕಥೆಗೆ ಹೊಂದುತ್ತದೆ ಎಂದು ನನ್ನ ಅಂದಾಜು. ಅವನಿಗೂ ಅದು ಮೊದಲ ಪ್ರೀತಿಯಾದರೆ ಅವನೂ ತಪ್ಪು ಮಾಡಬಲ್ಲ, ತೊದಲಬಲ್ಲ.

ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಂದೇ ಅಕ್ಷರದಿಂದ ಶುರುವಾಗುವ ನಾಲ್ವರು ಫೇರಿಗಳಲ್ಲಿ ಇಬ್ಬರನ್ನು ನಾನು ಕೊನೆಯವರೆಗೂ ಒಬ್ಬರೆಂದೇ ಓದಿದೆ. ಆರಂಭದ ಭೂಪಟ ಚೆನ್ನಾಗಿದೆ, ಅದರ ಅರ್ಧ ಜಾಗಗಳಿಗೆ ಕಥೆ ಹೋಗುವುದೇ ಇಲ್ಲ.

ಎರಡನೆಯ ಮತ್ತು ಮೂರನೆಯ ಭಾಗಗಳ ರೂಪುರೇಷೆಯನ್ನೂ ಲಗತ್ತಿಸಿದ್ದೀಯ. ಅವನ್ನು ನಾನು ತೆರೆದಿಲ್ಲ, ನೀನೂ ಸದ್ಯಕ್ಕೆ ತೆರೆಯಬೇಡ. ಬಾಗಿಲಲ್ಲಿ ತಂಗಿ ನಿಂತಿರುವ ದೃಶ್ಯವನ್ನು ಮೊದಲು ಬರೆದು ಕಳುಹಿಸು. ಈ ಸಲ ಪುಟಸಂಖ್ಯೆ ಹಾಕು.

ನಿನ್ನ ಹಿರಿಯ ಗೆಳೆಯ