ಶಿಲ್ಪದಲ್ಲಿ ಇಲ್ಲದವರು: ಮಿನ್ನೆಸೋಟದ ನಮ್ಮ ರಾಜ್ಯ ಸೆನೆಟರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರ. ಹುಟ್ಟೂರು ಸಾಗರ ತಾಲ್ಲೂಕಿನಲ್ಲಿ, ಮನೆ ಈಗ ಮಿನ್ನೆಸೋಟದಲ್ಲಿ. ಇದೇ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮವರೂ ಓದಲಿ ಅಂತ. ಈ ರಾಜ್ಯಕ್ಕೆ ಬಂದು ನೆಲೆಸಿದ ಕನ್ನಡಿಗರು ಮನೆ ಕೊಳ್ಳುತ್ತೇವೆ, ಬೇಸಿಗೆ ಬಂದರೆ ಉತ್ತರದ ಕೆರೆಗಳ ದಂಡೆಯಲ್ಲಿ ಕ್ಯಾಬಿನ್ ಬಾಡಿಗೆ ಹಿಡಿಯುತ್ತೇವೆ, ವೋಟು ಹಾಕುತ್ತೇವೆ. ಆ ನೆಲ ಯಾರ ಕೈಯಿಂದ ಹೇಗೆ ಹೋಯಿತು ಅನ್ನುವುದು ನಮಗೂ ಗೊತ್ತಿರಬೇಕು.

ನಾನು ಬರೆಯುತ್ತಿರುವುದು ಕ್ನೂಟ್ ನೆಲ್ಸನ್ ಬಗ್ಗೆ. ನಾರ್ವೆಯಿಂದ ವಲಸೆ ಬಂದು ಈ ರಾಜ್ಯದ ಗವರ್ನರ್, ಅಮೆರಿಕದ ಸೆನೆಟರ್ ಆದವರು ಅವರು. ಸೇಂಟ್ ಪಾಲ್‌ನ ಕ್ಯಾಪಿಟಲ್, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡದ ಎದುರಿಗೆ 1928ರಿಂದ ಅವರ ಕಂಚಿನ ಪ್ರತಿಮೆ ಇದೆ. ಅಧಿವೇಶನ ನಡೆಯುವಾಗ ನೀವು ಅದನ್ನು ದಿನಾ ನೋಡುತ್ತೀರಿ. ರೂಪಿಸಿದವರು ಜಾನ್ ಕಾರ್ಲ್ ಡೇನಿಯಲ್ಸ್, ಅವರೂ ನಾರ್ವೆಯಲ್ಲಿ ಹುಟ್ಟಿದವರೇ. ಮಧ್ಯದಲ್ಲಿ ಎತ್ತರಕ್ಕೆ ಸೆನೆಟರ್ ನೆಲ್ಸನ್. ಒಂದು ಪಕ್ಕದಲ್ಲಿ ಒಬ್ಬ ತಾಯಿ, ಜೊತೆಗೆ ಪುಟ್ಟ ಹುಡುಗ. ಇನ್ನೊಂದು ಪಕ್ಕದಲ್ಲಿ ಯುವ ಸೈನಿಕ. ಹುಡುಗ, ಸೈನಿಕ, ಸೆನೆಟರ್ ಮೂವರೂ ನೆಲ್ಸನ್ ಅವರೇ. ವಲಸೆ ಬಂದವರ ಕತೆಯನ್ನು ಇಷ್ಟು ಚೆನ್ನಾಗಿ ಹೇಳುವ ಶಿಲ್ಪ ಈ ಊರಲ್ಲಿ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅದರಲ್ಲೂ ಆ ತಾಯಿ ಅಲ್ಲಿರುವುದು ನನಗೆ ತುಂಬಾ ಇಷ್ಟ.

ಯಾಕೆಂದರೆ ಆಕೆ ಸಾಮಾನ್ಯ ಹೆಂಗಸಲ್ಲ. ಹೆಸರು ಇಂಗೆಬ್ಯೋರ್ಗ್. ಪಶ್ಚಿಮ ನಾರ್ವೆಯ ವಾಸ್ ಹತ್ತಿರದ ಎವಾಂಗರ್ ಎಂಬ ಹಳ್ಳಿಯವಳು. ಮದುವೆ ಆಗಿರಲಿಲ್ಲ, ಕಂಕುಳಲ್ಲಿ ಮಗು ಇತ್ತು. ಆ ಕಾಲದ ಹಳ್ಳಿಯಲ್ಲಿ ಅವಳು ಎಷ್ಟು ಮಾತು ಕೇಳಿರಬೇಕು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? 1849ರಲ್ಲಿ ಮಗನನ್ನು ಕಟ್ಟಿಕೊಂಡು ಹಡಗು ಹತ್ತಿದಳು. ಚಿಕಾಗೋ ಸೇರಿದಾಗ ಆ ಊರಲ್ಲಿ ಕಾಲರಾ ಹಬ್ಬಿತ್ತು. ಅವರಿವರ ಮನೆಗೆಲಸ ಮಾಡಿ ಮಗನನ್ನು ಸಾಕಿದಳು. ಹುಡುಗ ಬೀದಿಯಲ್ಲಿ ಪೇಪರ್ ಮಾರಿದ. ಮುಂದೆ ಆಕೆ ಮದುವೆಯಾಗಿ ವಿಸ್ಕಾನ್ಸಿನ್‌ನ ಹೊಲಕ್ಕೆ ಹೋದಳು. ಹುಡುಗ ಅಲ್ಲಿ ದುಡಿದ, ಹಟ ಹಿಡಿದು ಆಲ್ಬಿಯನ್ ಅಕಾಡೆಮಿಯಲ್ಲಿ ಓದಿದ.

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ಹದಿನೆಂಟರ ಆಸುಪಾಸಿನ ಕ್ನೂಟ್ 4ನೇ ವಿಸ್ಕಾನ್ಸಿನ್ ರೆಜಿಮೆಂಟ್ ಸೇರಿದ. ಆ ದಳ ದಕ್ಷಿಣಕ್ಕೆ ಲೂಸಿಯಾನಾದವರೆಗೆ ಹೋಯಿತು. 1863ರ ಬೇಸಿಗೆಯಲ್ಲಿ ಮಿಸಿಸಿಪಿ ನದಿಯ ದಂಡೆಯ ಪೋರ್ಟ್ ಹಡ್ಸನ್ ಕೋಟೆಗೆ ಉತ್ತರದ ಸೇನೆ 48 ದಿನ ಮುತ್ತಿಗೆ ಹಾಕಿತ್ತು. ಜೂನ್ 14ರ ದಾಳಿಯಲ್ಲಿ ಕ್ನೂಟ್ ಕಾಲಿಗೆ ಗುಂಡು ಬಿತ್ತು. ಶತ್ರುಗಳ ಕೈಗೆ ಸಿಕ್ಕಿಬಿದ್ದ. ಕೋಟೆಯೊಳಗೆ ತಿನ್ನಲು ಏನೂ ಉಳಿದಿರಲಿಲ್ಲ, ಸೈನಿಕರು ಹೇಸರಗತ್ತೆ, ಇಲಿಗಳನ್ನು ತಿನ್ನುವ ಸ್ಥಿತಿಗೆ ಬಂದಿದ್ದರು. ಗಾಯಗೊಂಡ ಸೆರೆಯಾಳಿಗೆ ಅಲ್ಲಿ ಏನು ಸಿಕ್ಕಿರಬೇಕು, ನೀವೇ ಯೋಚಿಸಿ. ಜುಲೈ 9ಕ್ಕೆ ಕೋಟೆ ಶರಣಾಯಿತು, ಬಿಡುಗಡೆ ಆಯಿತು. ಗುಲಾಮಗಿರಿಯನ್ನು ಕೊನೆಗಾಣಿಸಿದ ಯುದ್ಧದಲ್ಲಿ ರಕ್ತ ಸುರಿಸಿದ ಹುಡುಗ ಅವನು. ಆ ಗೌರವದಲ್ಲಿ ಒಂದು ಗುಲಗಂಜಿಯನ್ನೂ ನಾನು ಕಮ್ಮಿ ಮಾಡುವುದಿಲ್ಲ.

ಆಮೇಲಿನದು ಏರುತ್ತಲೇ ಹೋದ ಬದುಕು. ಮ್ಯಾಡಿಸನ್‌ನಲ್ಲಿ ಕಾನೂನು ಕಲಿತು ವಕೀಲರಾದರು. 1868 ಮತ್ತು 1869ರಲ್ಲಿ ವಿಸ್ಕಾನ್ಸಿನ್ ಅಸೆಂಬ್ಲಿಯ ಸದಸ್ಯ. 1871ರಲ್ಲಿ ಮಿನ್ನೆಸೋಟದ ಅಲೆಕ್ಸಾಂಡ್ರಿಯಾಕ್ಕೆ ಬಂದರು. ಆಗ ಅದು ಇನ್ನೂ ರೈಲು ಕಾಣದ ಗಡಿ ಊರು. 1875ರಿಂದ ನಾಲ್ಕು ವರ್ಷ ಇಲ್ಲಿನ ಸೆನೆಟ್‌ನಲ್ಲಿ, ಅಂದರೆ ಇವತ್ತು ನೀವಿರುವ ಸದನದಲ್ಲೇ ಕೂತರು. ರೈಲ್ವೆ ಕಂಪನಿಗಳ ಬೆನ್ನು ಹತ್ತಿ ತಮ್ಮ ಊರಿಗೆ ರೈಲು ತರಿಸಲು ದುಡಿದರು. 1882ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ನಿಂತಾಗ ಎದುರಾಳಿ ಚಾರ್ಲ್ಸ್ ಕಿಂಡ್ರೆಡ್ ಹಣವನ್ನು ನೀರಿನಂತೆ ಚೆಲ್ಲಿದ. ಗಲಾಟೆ ಎಷ್ಟಿತ್ತೆಂದರೆ ಆ ಕ್ಷೇತ್ರಕ್ಕೆ ‘ರಕ್ತಸಿಕ್ತ ಐದನೆಯದು’ ಎಂಬ ಹೆಸರೇ ಬಿತ್ತು. ನೆಲ್ಸನ್ ಗೆದ್ದರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಕಾಂಗ್ರೆಸ್ ಸೇರಿದ ಮೊದಲಿಗರು ಅವರು. ಮುಂದೆ ಗವರ್ನರ್, ಆಮೇಲೆ 1895ರಿಂದ 1923ರಲ್ಲಿ ಸಾಯುವತನಕ ಅಮೆರಿಕದ ಸೆನೆಟರ್.

ಇಷ್ಟನ್ನು ಶಿಲ್ಪ ಹೇಳುತ್ತದೆ. ಈಗ ಅದು ಹೇಳದ್ದಕ್ಕೆ ಬರುತ್ತೇನೆ.

ಕಾಂಗ್ರೆಸ್‌ನಲ್ಲಿದ್ದಾಗ ನೆಲ್ಸನ್ ತಂದ ಒಂದು ಕಾನೂನು 1889ರ ಜನವರಿ 14ರಂದು ಜಾರಿಗೆ ಬಂತು. ಇವತ್ತಿಗೂ ಅದನ್ನು ನೆಲ್ಸನ್ ಆಕ್ಟ್ ಎಂದೇ ಕರೆಯುತ್ತಾರೆ. ಅದರ ಅಧಿಕೃತ ಹೆಸರಲ್ಲಿ ಮಿನ್ನೆಸೋಟದ ಚಿಪ್ಪೆವಾ ಜನರಿಗೆ, ಅಂದರೆ ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆಗಳಿಗೆ, ‘ಪರಿಹಾರ ಮತ್ತು ನಾಗರಿಕತೆ’ ಕೊಡುವ ಮಾತಿದೆ. ಒಳಗಿದ್ದ ಕೆಲಸ ಬೇರೆ. ವೈಟ್ ಅರ್ಥ್ ಮತ್ತು ರೆಡ್ ಲೇಕ್ ಬಿಟ್ಟು ರಾಜ್ಯದ ಉಳಿದ ಒಜಿಬ್ವೆ ಮೀಸಲು ಪ್ರದೇಶಗಳನ್ನೆಲ್ಲ, ಅಂದರೆ ಅವರಿಗೆಂದೇ ಬಿಟ್ಟಿದ್ದ ನೆಲವನ್ನೆಲ್ಲ, ಬಿಡಿಸಿಕೊಳ್ಳುವುದು. ಜನರನ್ನು ವೈಟ್ ಅರ್ಥ್‌ಗೆ ಸಾಗಿಸುವುದು. ಎಲ್ಲರಿಗೂ ಸೇರಿದ್ದ ನೆಲವನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಬರೆಯುವುದು. ಮಿಕ್ಕಿದ್ದನ್ನು ಮಾರುವುದು. ಪೈನ್ ಮರಗಳ ಕಾಡಿಗೆ ಬೇರೆ ಲೆಕ್ಕ, ಬೇಸಾಯದ ಭೂಮಿಗೆ ಎಕರೆಗೆ ಒಂದೂಕಾಲು ಡಾಲರ್. ಬಂದ ಹಣದ ಅಸಲು ಒಜಿಬ್ವೆಗಳ ಕೈಗೆ ಬರುತ್ತಿರಲಿಲ್ಲ, 50 ವರ್ಷ ಸರ್ಕಾರದ ಖಜಾನೆಯಲ್ಲಿ ಇರಬೇಕಿತ್ತು. ಆ ಕಾಡಿನ ಮೇಲೆ ಮರದ ವ್ಯಾಪಾರಿಗಳ ಕಣ್ಣು ಎಷ್ಟು ವರ್ಷದಿಂದ ಇತ್ತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಒಪ್ಪಿಗೆ ಪಡೆಯಲು ಮೂವರ ಆಯೋಗ ಮೀಸಲು ಪ್ರದೇಶಗಳಿಗೆ ಹೋಯಿತು. ರೆಡ್ ಲೇಕ್‌ನಲ್ಲಿ ಮುಖ್ಯಸ್ಥ ಮೇಡ್ವೇಗಾನೋನಿಂದ್ ನೆಲವನ್ನು ಹಂಚಿಕೊಳ್ಳಲು ಒಪ್ಪಲೇ ಇಲ್ಲ. ಇದು ನನ್ನದು ಹೇಗೋ ಇಲ್ಲಿ ಕೂತಿರುವ ನನ್ನ ಮಕ್ಕಳಿಗೂ ಹಾಗೇ ಎಂಬ ಅರ್ಥದಲ್ಲಿ ಮಾತಾಡಿದ. ರೆಡ್ ಲೇಕ್‌ನವರು ಸುಮಾರು 29 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು. ಆದರೆ ಉಳಿದ ನೆಲವನ್ನು ಒಟ್ಟಾಗಿಯೇ ಇಟ್ಟುಕೊಂಡರು. ಇವತ್ತಿಗೂ ಅಲ್ಲಿ ನೆಲ ಒಬ್ಬರದಲ್ಲ, ಎಲ್ಲರದು. ಆ ಹಿರಿಯನ ಹಟವೇ ಅದನ್ನು ಉಳಿಸಿತು.

ವೈಟ್ ಅರ್ಥ್‌ಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿ ನೆಲ ತುಂಡಾಯಿತು, ತುಂಡಾದದ್ದನ್ನು ಕಿತ್ತುಕೊಳ್ಳುವುದು ಸುಲಭವಾಯಿತು. 1906ರಲ್ಲಿ ನಮ್ಮದೇ ರಾಜ್ಯದ ಇನ್ನೊಬ್ಬ ಸೆನೆಟರ್ ಮೋಸೆಸ್ ಕ್ಲ್ಯಾಪ್ ಕಾಂಗ್ರೆಸ್‌ನ ಒಂದು ಮಸೂದೆಗೆ ಒಂದು ಸಾಲು ಸೇರಿಸಿದರು: ವೈಟ್ ಅರ್ಥ್‌ನ ‘ಮಿಶ್ರ ರಕ್ತದ’ ವಯಸ್ಕರು ತಮ್ಮ ಪಾಲಿನ ಭೂಮಿ ಮಾರಬಹುದು. ಹಾಗಾದರೆ ಯಾರು ಮಿಶ್ರ, ಯಾರು ಶುದ್ಧ? ಅದನ್ನು ತೀರ್ಮಾನಿಸಲು ಇಬ್ಬರು ಮಾನವಶಾಸ್ತ್ರಜ್ಞರು ಬಂದರು. ಜನರ ಎದೆಯ ಮೇಲೆ ಉಗುರಿನಿಂದ ಗೀರಿ, ಚರ್ಮ ಎಷ್ಟು ಕೆಂಪಾಗುತ್ತದೆ ಅಂತ ನೋಡಿದರು. ಕೂದಲು ಅಳೆದರು. ಒಬ್ಬ ಮುದುಕನ ಅಂಗಿ ಬಿಚ್ಚಿಸಿ, ಎದೆ ಗೀರಿ, ನಿನ್ನ ಜಮೀನು ನಿನ್ನದಾ ಇಲ್ಲವಾ ಅಂತ ನಿರ್ಧರಿಸುವುದು! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೋಡನೋಡುತ್ತಿದ್ದಂತೆ ವೈಟ್ ಅರ್ಥ್‌ನ ಬಹುಪಾಲು ಭೂಮಿ ಮರದ ಕಂಪನಿಗಳು ಮತ್ತು ಹೊಸಬರ ಪಾಲಾಯಿತು. ಇನ್ನಷ್ಟು ಭೂಮಿ ತೆರಿಗೆ ಕಟ್ಟಿಲ್ಲ ಎಂಬ ಹೆಸರಲ್ಲಿ ಹೋಯಿತು. ತೆರಿಗೆಯೇ ಇರುವುದಿಲ್ಲ ಅಂತ ಮಾತು ಕೊಟ್ಟಿದ್ದ ಭೂಮಿಗೆ!

ಇನ್ನೊಂದು ವಿಷಯ ಹೇಳಲೇಬೇಕು. ಈ ರಾಜ್ಯ ಹುಟ್ಟಿದಾಗ ಬರೆದ ಸಂವಿಧಾನದಲ್ಲಿ, ಪ್ರಜೆಯಾಗುವ ಇಚ್ಛೆ ಇದೆ ಅಂತ ಘೋಷಿಸಿದ ವಲಸೆ ಗಂಡಸರಿಗೆ ಪೂರ್ತಿ ಪೌರತ್ವ ಸಿಗುವ ಮೊದಲೇ ಮತದ ಹಕ್ಕು ಇತ್ತು. 1896ರವರೆಗೂ ಅದು ನಡೆಯಿತು. ಅದೇ ಸಂವಿಧಾನದಲ್ಲಿ, ಇಲ್ಲೇ ಹುಟ್ಟಿ ಬೆಳೆದ ಮೂಲನಿವಾಸಿ ಮತ ಹಾಕಬೇಕಾದರೆ ‘ನಾಗರಿಕತೆಯ’ ಭಾಷೆ, ರೀತಿ ನೀತಿ ಕಲಿತಿದ್ದಾನೆ ಅಂತ ನ್ಯಾಯಾಲಯದಲ್ಲಿ ಪರೀಕ್ಷೆ ಪಾಸಾಗಬೇಕಿತ್ತು. ಅಮೆರಿಕದ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ, ನೆಲ್ಸನ್ ತೀರಿಕೊಂಡ ಮರುವರ್ಷ. ನಾರ್ವೆಯ ಹುಡುಗ ಎರಡು ರಾಜ್ಯಗಳ ಶಾಸಕನಾಗಿ, ಗವರ್ನರ್ ಆಗಿ, 28 ವರ್ಷ ಸೆನೆಟರ್ ಆಗಿ ಬದುಕು ಮುಗಿಸುವ ಹೊತ್ತಿಗೂ ಇಲ್ಲಿನ ಎಷ್ಟೋ ಮೂಲ ಜನ ಇನ್ನೂ ತಮ್ಮದೇ ನೆಲದ ಪ್ರಜೆಗಳಾಗಿರಲಿಲ್ಲ.

ನೆಲ್ಸನ್ ಕೆಟ್ಟ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಹಂಚಿಕೊಟ್ಟರೆ ಒಜಿಬ್ವೆಗಳು ರೈತರಾಗಿ ಉದ್ಧಾರ ಆಗುತ್ತಾರೆ ಅಂತ ಆ ಕಾಲದ ಬಹಳ ಜನ ನಂಬಿದ್ದರು, ಅವರೂ ನಂಬಿರಬಹುದು. ನನ್ನನ್ನು ಕಾಡುವುದು ಅವರ ತಾಯಿಯ ನೆನಪು. ನೆಲ ಇಲ್ಲದೆ, ಮರ್ಯಾದೆ ಇಲ್ಲದೆ ಊರು ಬಿಟ್ಟವಳ ಮಗ, ಇನ್ನೊಬ್ಬರಿಗೆ ಊರು ಬಿಡಿಸುವ ಕಾನೂನಿಗೆ ಹೆಸರು ಕೊಟ್ಟರು. ಅವರ ಮತದಾರರಿಗೆ ಭೂಮಿ ಬೇಕಿತ್ತು. ಆ ಮತದಾರರೂ ಬಡ ವಲಸಿಗರೇ. ಈ ಗಂಟು ಬಿಚ್ಚುವುದು ಕಷ್ಟ, ಆದರೆ ಅದನ್ನು ಮುಚ್ಚಿಡಬಾರದು.

ನಮ್ಮ ಕಡೆಯವರಿಗೆ ಇದು ಅರ್ಥವಾಗಲು ಜಾಸ್ತಿ ಹೊತ್ತು ಬೇಕಿಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಗಳ ಜನರನ್ನು ಎಬ್ಬಿಸಿ ಎಲ್ಲೆಲ್ಲೋ ಕೂರಿಸಿದರು. ರಾಜ್ಯಕ್ಕೆಲ್ಲ ಕರೆಂಟು ಬಂತು. ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಲೇ ಇದ್ದಾರೆ. ಕಿತ್ತುಕೊಳ್ಳುವಾಗ ಸರ್ಕಾರದ ಕಾಗದ ಎಷ್ಟು ಬೇಗ ಓಡುತ್ತದೆ, ಕೊಡುವಾಗ ಎಷ್ಟು ತೆವಳುತ್ತದೆ ಅನ್ನುವುದನ್ನು ನೋಡುತ್ತಲೇ ಬೆಳೆದವರು ನಾವು. ಅದಕ್ಕೇ ವೈಟ್ ಅರ್ಥ್ ವಿಷಯದಲ್ಲಿ ಸುಮ್ನೆ ಇರಲು ನನ್ನಿಂದ ಆಗುತ್ತಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡು.

ಮೊದಲನೆಯದು ಪ್ರತಿಮೆಯದು. 2020ರ ಜೂನ್‌ನಲ್ಲಿ ಕ್ಯಾಪಿಟಲ್ ಅಂಗಳದಲ್ಲಿದ್ದ ಕೊಲಂಬಸ್ ಪ್ರತಿಮೆಯನ್ನು ಹಗ್ಗ ಕಟ್ಟಿ ಉರುಳಿಸಿದರು. ನೆಲ್ಸನ್ ಪ್ರತಿಮೆಗೆ ಹಾಗಾಗುವುದು ನನಗೆ ಬೇಡ. ಆ ತಾಯಿ, ಆ ಗಾಯಗೊಂಡ ಸೈನಿಕ ಅಲ್ಲೇ ಇರಬೇಕು. ಆದರೆ ಪಕ್ಕದಲ್ಲಿ ಇನ್ನೊಂದು ಫಲಕ ಬೇಕು, ಓದಲು ಬರುವಷ್ಟು ದೊಡ್ಡದು. ಅದರಲ್ಲಿ 1889ರ ಕಾನೂನಿನ ವಿಷಯ ಇರಲಿ, ಯಾವ ಯಾವ ಮೀಸಲು ಪ್ರದೇಶ ಹೋಯಿತು ಅಂತ ಇರಲಿ, ರೆಡ್ ಲೇಕ್‌ನಲ್ಲಿ ಹಿರಿಯ ಹೇಳಿದ ಮಾತು ಇರಲಿ. ಪಠ್ಯವನ್ನು ಒಜಿಬ್ವೆ ಜನರೇ ಬರೆಯಲಿ, ಅವರ ಭಾಷೆಯಲ್ಲೂ ಇರಲಿ. ಕ್ಯಾಪಿಟಲ್ ಅಂಗಳದ ಕೆಲಸಗಳನ್ನು ನೋಡಿಕೊಳ್ಳಲು ಒಂದು ಯೋಜನಾ ಮಂಡಳಿ ಇದೆ, ಅದರಲ್ಲಿ ನಿಮ್ಮ ಸದನದವರೂ ಇದ್ದಾರೆ. ಅಲ್ಲಿಗೆ ಒಂದು ಅರ್ಜಿ ನಿಮ್ಮ ಹೆಸರಲ್ಲಿ ಹೋಗಲಿ.

ಎರಡನೆಯದು ನೆಲದ್ದು. ಇದೇ ಮುಖ್ಯವಾದದ್ದು. ವೈಟ್ ಅರ್ಥ್ ಮೀಸಲು ಪ್ರದೇಶದ ಗಡಿಯೊಳಗೇ ರಾಜ್ಯದ ಕೈಯಲ್ಲಿ ವೈಟ್ ಅರ್ಥ್ ಸ್ಟೇಟ್ ಫಾರೆಸ್ಟ್ ಎಂಬ ದೊಡ್ಡ ಕಾಡಿದೆ. ಅಲ್ಲಿನ ರಾಜ್ಯದ ಭೂಮಿಯನ್ನು ವೈಟ್ ಅರ್ಥ್ ನೇಷನ್‌ಗೆ, ಅಂದರೆ ಅಲ್ಲಿನ ಒಜಿಬ್ವೆಗಳ ಸ್ವಂತ ಆಡಳಿತಕ್ಕೆ, ಮರಳಿಸುವ ಮಸೂದೆ 2024ರಲ್ಲಿ ಬಂದಿತ್ತು, ಪಾಸಾಗಲಿಲ್ಲ. ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಬರುವ ಹಣ ನಿಲ್ಲುತ್ತದೆ, ಬೇಟೆಗೆ, ಮೀನು ಹಿಡಿಯಲು ಹೋಗುವವರಿಗೆ ದಾರಿ ಮುಚ್ಚುತ್ತದೆ ಎಂಬ ಆತಂಕ ಅಲ್ಲಿನವರಿಗೆ ಇದೆ. ಅದು ಸುಳ್ಳು ಆತಂಕ ಅಲ್ಲ, ಉತ್ತರ ಕೊಡಬೇಕು. ಕೌಂಟಿಗೆ ರಾಜ್ಯವೇ ಹಣ ತುಂಬಿಕೊಡಬಹುದು. ದಾರಿಯ ವಿಷಯವನ್ನು ಒಪ್ಪಂದದಲ್ಲಿ ಬರೆದುಕೊಳ್ಳಬಹುದು. ಯಾರ ಮನೆ, ಕ್ಯಾಬಿನ್ನೂ ಇದರಲ್ಲಿ ಹೋಗುವುದಿಲ್ಲ ಅನ್ನುವುದನ್ನು ನೀವೇ ಸಭೆ ಕರೆದು ಹೇಳಬೇಕು, ಯಾಕೆಂದರೆ ಗಾಳಿಸುದ್ದಿ ಜಾಸ್ತಿ ಹಬ್ಬಿದೆ.

ಆಗದ ಕೆಲಸ ಅಂತ ಮಾತ್ರ ಹೇಳಬೇಡಿ. 1986ರ ಒಪ್ಪಂದದಲ್ಲಿ ಇದೇ ರಾಜ್ಯ 10,000 ಎಕರೆಯನ್ನು ವೈಟ್ ಅರ್ಥ್‌ಗೆ ಕೊಟ್ಟಿದೆ. 2023ರಲ್ಲಿ ನಿಮ್ಮ ಸದನವೇ ಕಾನೂನು ಮಾಡಿ, ಅಪ್ಪರ್ ಸೂ ಏಜೆನ್ಸಿ ಎಂಬ ಇಡೀ ಸ್ಟೇಟ್ ಪಾರ್ಕನ್ನು ಇಲ್ಲಿನ ಇನ್ನೊಂದು ಮೂಲನಿವಾಸಿ ಸಮುದಾಯವಾದ ಡಕೋಟಾ ಜನರಿಗೆ ಮರಳಿಸಿತು. ಅಲ್ಲಿ ಅವರ ಹಿರಿಯರು ಹಸಿವಿನಿಂದ ಸತ್ತಿದ್ದರು, ಅವರ ಸಮಾಧಿಗಳಿವೆ. ಮರಳಿಸಿದ್ದರಿಂದ ಮಿನ್ನೆಸೋಟ ಬಡವಾಗಲಿಲ್ಲ.

ಕಳೆದ ಚುನಾವಣೆಯಲ್ಲಿ ನಾನು ವೋಟು ಹಾಕಿದ್ದು ನಿಮಗೇ. ಮಸೂದೆ ಮತ್ತೆ ಬಂದಾಗ ಅದನ್ನು ಮಂಡಿಸುವವರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಲು ಆಸೆಯಿದೆ. ಸಮಿತಿಯಲ್ಲಿ ವಿಚಾರಣೆ ಇಟ್ಟರೆ ಬಂದು ಸಾಕ್ಷಿ ಹೇಳಲು ನಾನು ಸಿದ್ಧ, ನನ್ನ ಜೊತೆ ಬರುವ ಕನ್ನಡಿಗರೂ ಇದ್ದಾರೆ. ದಿನಾಂಕ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ