ಹುಟ್ಟದ ಕೂಸು, ಹೊತ್ತ ತಾಯಿ ಮತ್ತು ನನ್ನ ಮತ: ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. ಕ್ರೈಸ್ತನಾಗಿ ಮುಂದೆ ಹೇಗೆ ಬಾಳಬೇಕೆಂದುಕೊಂಡಿದ್ದೇನೆ ಎನ್ನುವುದು ಒಂದು. ಗರ್ಭಪಾತ ತಪ್ಪೆಂದು ನಂಬುವ ನಾನು ಆ ನಂಬಿಕೆಯನ್ನು ಇಗರ್ಜಿಯೊಳಗೇ ಇಟ್ಟುಕೊಳ್ಳದೆ ಕಾನೂನಿನ ಮಾತಿಗೂ ಮತಗಟ್ಟೆಗೂ ಏಕೆ ತರುತ್ತೇನೆ ಎನ್ನುವುದು ಇನ್ನೊಂದು. ನೀನು ವೈದ್ಯಕೀಯ ಓದುತ್ತಿರುವವನು, ನಾನು ಕಾನೂನು ಓದುತ್ತಿರುವವನು. ಆದ್ದರಿಂದ ಎರಡನೆಯದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಭಾನುವಾರ ಇಗರ್ಜಿಯ ಬಲಿಪೂಜೆಯನ್ನು ತಪ್ಪಿಸದಿರುವುದು, ತಿಂಗಳಿಗೊಮ್ಮೆ ಪಾಪನಿವೇದನೆ ಮಾಡುವುದು, ಅಜ್ಜಿ ನಡೆಸಿಕೊಂಡು ಬಂದ ಸಂಜೆಯ ಜಪಸರವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು, ಹೊಸ ಒಡಂಬಡಿಕೆಯನ್ನು ಅವಸರವಿಲ್ಲದೆ ಪೂರ್ತಿ ಓದುವುದು, ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಬಸಿಲಿಕಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬರುವುದು. ಇವೆಲ್ಲ ಹೊರಗೆ ಕಾಣುವ ನಿಯಮಗಳು. ಮದುವೆಯವರೆಗೆ ಶುದ್ಧವಾಗಿ ಬಾಳಬೇಕೆನ್ನುವುದು ಕಾಣದ ನಿಯಮ. ಅದನ್ನು ಇಲ್ಲಿ ಹೇಳಲು ಕಾರಣವಿದೆ. ಹೆಣ್ಣನ್ನು ಗರ್ಭಿಣಿಯಾಗಿಸಿ ತಲೆಮರೆಸಿಕೊಂಡ ಗಂಡಸಿನ ಸುದ್ದಿಯೇ ಇಲ್ಲದೆ ನಡೆಯುವ ಚರ್ಚೆ ಇದು. ಆ ಚರ್ಚೆಯಲ್ಲಿ ಬಾಯಿ ತೆರೆಯುವ ಗಂಡಸು ಮೊದಲು ತನ್ನ ನಡತೆಗೆ ಲಗಾಮು ಹಾಕಿಕೊಂಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನು ಎರಡನೆಯದು. ತಾಯಿಯ ಗರ್ಭದಲ್ಲಿಯೇ ದೇವರು ನಮ್ಮನ್ನು ರೂಪಿಸುತ್ತಾನೆಂದು ಬೈಬಲಿನ ಕೀರ್ತನೆ 139 ಹಾಡುತ್ತದೆ. ಯೇಸುವಿನ ತಾಯಿ ಮರಿಯಳ ವಂದನೆ ಕಿವಿಗೆ ಬಿದ್ದಾಗ ಅವಳ ಬಂಧು ಎಲಿಜಬೇತಳ ಗರ್ಭದಲ್ಲಿದ್ದ ಕೂಸು ನಲಿದಾಡಿತೆಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ನನ್ನ ನಂಬಿಕೆಗೆ ಇಷ್ಟು ಸಾಕು, ಕಾನೂನಿಗೆ ಸಾಲದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87ರಷ್ಟು. ನಮ್ಮ ಧರ್ಮಗ್ರಂಥದ ಸಾಲನ್ನು ಉಳಿದವರ ಮೇಲೆ ಹೇರಲು ನಮಗೆ ಬಲವೂ ಇಲ್ಲ, ಹೇರಬೇಕೆಂಬ ಆಸೆಯೂ ನನಗಿಲ್ಲ. ಈ ದೇಶದ ಕಾನೂನು ಈಗಾಗಲೇ ಒಪ್ಪಿಕೊಂಡಿರುವ ಸಂಗತಿಗಳಿಂದಲೇ ನಾನು ವಾದ ಆರಂಭಿಸಬೇಕು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮು ನೋಡು. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಗರ್ಭದಲ್ಲಿದ್ದು ಅನಂತರ ಜೀವಂತವಾಗಿ ಹುಟ್ಟಿದ ಮಗುವಿಗೆ, ಆಗಲೇ ಹುಟ್ಟಿದ್ದ ಮಗುವಿಗಿರುವಷ್ಟೇ ಹಕ್ಕು ಆಸ್ತಿಯಲ್ಲಿದೆ. ಮರಣದಂಡನೆಗೆ ಗುರಿಯಾದ ಹೆಂಗಸು ಗರ್ಭಿಣಿಯೆಂದು ತಿಳಿದುಬಂದರೆ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸುತ್ತದೆ. (ಗಲ್ಲು ಶಿಕ್ಷೆ ಯಾರಿಗೂ ಸಲ್ಲದೆಂದು 2018ರಲ್ಲಿ ಪೋಪ್ ಫ್ರಾನ್ಸಿಸ್ ನಮ್ಮ ಧರ್ಮೋಪದೇಶ ಗ್ರಂಥದಲ್ಲಿ ತಿದ್ದುಪಡಿ ತಂದರು, ನಾನೂ ಅದನ್ನೇ ನಂಬುತ್ತೇನೆ.) 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ನಾಡೆಲ್ಲ ಕುದಿಯಿತು. ಅದು ಹೆಣ್ಣಿಗಾದ ತಾರತಮ್ಯಕ್ಕೆ ಬಂದ ಸಿಟ್ಟು ಎಂದು ನೀನು ಹೇಳಬಹುದು, ಅದು ನಿಜ. ಆದರೆ ಅಲ್ಲಿ ಯಾರೂ ಇರಲಿಲ್ಲವೆಂದಾದರೆ ತಾರತಮ್ಯ ನಡೆದದ್ದು ಯಾರ ಮೇಲೆ?

ನಿನ್ನ ಪತ್ರದ ಅತ್ಯಂತ ಗಟ್ಟಿಯಾದ ಮಾತು ಸವಿತಾ ಹಾಲಪ್ಪನವರ್ ಅವರ ಸಾವಿನ ಕುರಿತದ್ದು. ಅದನ್ನು ಜಾರಿಸಿ ಮುಂದೆ ಹೋಗಲಾರೆ. ಬೆಳಗಾವಿಯ ಮಗಳು, ದಂತವೈದ್ಯೆ, 31ರ ವಯಸ್ಸು. ಐರ್ಲೆಂಡಿನ ಗಾಲ್ವೇ ನಗರದಲ್ಲಿ 17 ವಾರಗಳ ಗರ್ಭ ಉಳಿಯುವುದಿಲ್ಲವೆಂದು ಖಚಿತವಾದ ಮೇಲೂ, ಭ್ರೂಣದ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ, ಅವರು ಕೇಳಿಕೊಂಡ ಗರ್ಭಪಾತವನ್ನು ಮಾಡಲಿಲ್ಲ. 2012ರ ಅಕ್ಟೋಬರ್ 28ರಂದು ರಕ್ತದ ನಂಜಿನಿಂದ ತೀರಿಕೊಂಡರು. ನಂಜನ್ನು ಸಮಯಕ್ಕೆ ಗುರುತಿಸದ ಆಸ್ಪತ್ರೆಯ ಲೋಪವೇ ಸಾವಿಗೆ ಕಾರಣ, ಕಾನೂನಲ್ಲ ಎಂದು ನನ್ನ ಕಡೆಯವರು ಕೆಲವರು ವಾದಿಸುತ್ತಾರೆ. ಲೋಪಗಳಿದ್ದವು, ತನಿಖೆಯಲ್ಲಿ ಅವು ಹೊರಬಂದವು. ಆದರೆ ಭ್ರೂಣದ ಹೃದಯ ನಿಲ್ಲುವವರೆಗೆ ಕಾಯುವುದಕ್ಕೆ ಅತಿಯಾದ ಒತ್ತು ಬಿದ್ದಿತ್ತೆಂದೂ, ಅದರ ಹಿಂದೆ ಕಾನೂನಿನ ಪ್ರಭಾವವಿತ್ತೆಂದೂ ಅದೇ ತನಿಖೆ ಹೇಳಿತು. ತಾಯಿಗೂ ಹುಟ್ಟದ ಮಗುವಿಗೂ ಸಮಾನ ಬದುಕುವ ಹಕ್ಕೆಂದು 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದ ದೇಶ 2018ರ ಜನಮತಗಣನೆಯಲ್ಲಿ ಅದನ್ನು ತೆಗೆದುಹಾಕಿತು.

ನಮ್ಮ ಕಥೋಲಿಕ ಸಭೆಯ ಬೋಧನೆಯ ಪ್ರಕಾರವೂ ತಾಯಿಯ ಪ್ರಾಣಾಂತಿಕ ರೋಗಕ್ಕೆ ಚಿಕಿತ್ಸೆ ಕೊಡುವಾಗ, ಉದ್ದೇಶಿಸದಿದ್ದರೂ, ಮಗು ಉಳಿಯದೆ ಹೋದರೆ ಅದು ಗರ್ಭಪಾತದ ಪಾಪವಾಗುವುದಿಲ್ಲ. ಆದರೆ ಪುಸ್ತಕದಲ್ಲಿರುವ ಈ ಸೂಕ್ಷ್ಮ ವ್ಯತ್ಯಾಸ ನಡುರಾತ್ರಿ ವಾರ್ಡಿನಲ್ಲಿ ನಿಂತ ಕಿರಿಯ ವೈದ್ಯನ ಕೈಗೆ ಎಟುಕದಿದ್ದರೆ ಪ್ರಯೋಜನವೇನು? ಜ್ವರ ಏರುತ್ತಿರುವ ಹೆಂಗಸಿನ ಮುಂದೆ ನಿಂತು ವೈದ್ಯನು ವಕೀಲನ ಮುಖ ನೋಡುವಂತೆ ಮಾಡುವ ಯಾವ ಕಾನೂನನ್ನೂ, ಅದು ಹುಟ್ಟದ ಮಗುವಿನ ಹೆಸರಿನಲ್ಲೇ ಬಂದರೂ, ನಾನು ಬೆಂಬಲಿಸುವುದಿಲ್ಲ. ಬಲಾತ್ಕಾರಕ್ಕೊಳಗಾದ ಬಾಲಕಿಯ ಬಗ್ಗೆಯೂ ಕೇಳಿದ್ದೀಯ. ಅಲ್ಲಿಯೂ ಆ ಇನ್ನೊಂದು ಜೀವದ ಬಗ್ಗೆ ನನ್ನ ನಂಬಿಕೆ ಬದಲಾಗದು. ಆದರೆ ಆ ಹುಡುಗಿಯ ಮನೆ ಬಾಗಿಲಿಗೆ ಪೊಲೀಸರನ್ನು ಕಳಿಸುವ ಕಲಮನ್ನು ನಾನು ಕೇಳಲಾರೆ.

ಹಾಗಾದರೆ ನಾನು ಕೇಳುವುದೇನು? ನಮ್ಮ 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಹೆಂಗಸರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಆದರೆ ಭ್ರೂಣಕ್ಕೆ ಗಂಭೀರ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರಗಳ ಮಿತಿಯೇ ಇಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಹುಟ್ಟಿದ ಮೇಲೆ ನಡೆಯುವುದೇ ಅನುಮಾನವಾಗಿರುವ ಮಗುವಿಗೆ ಚಿಕಿತ್ಸೆಯ ಖರ್ಚು, ವಿಶೇಷ ಶಾಲೆ, ತಂದೆ-ತಾಯಿ ಸತ್ತ ಮೇಲಿನ ಆಸರೆ, ಇವುಗಳನ್ನು ಸರಿಯಾಗಿ ಒದಗಿಸದ ಸರ್ಕಾರ, ಎಂಟನೇ ತಿಂಗಳಿನಲ್ಲೂ ಒಂದು ದಾರಿಯನ್ನು ಮಾತ್ರ ತೆರೆದಿಡುತ್ತದೆ. ತಂದೆ-ತಾಯಿಯನ್ನು ನಾನು ದೂರುವುದಿಲ್ಲ. ಉಳಿದ ದಾರಿಗಳನ್ನು ಕಟ್ಟಿಕೊಡದವರನ್ನು ದೂರುತ್ತೇನೆ.

ನಮ್ಮ ಊರಿನ ಮಂಡಕ್ಕಿ ಭಟ್ಟಿಗಳನ್ನು ನೀನು ಬಲ್ಲೆ. ಅಲ್ಲಿಯ ಹೊಗೆ, ಬಿಸಿಯ ನಡುವೆ ದುಡಿಯುವ ಬಸುರಿಗೆ ಹೆರಿಗೆ ರಜೆಯ ಕಾನೂನು ಹೇಳುವ 26 ವಾರಗಳ ಸಂಬಳದ ರಜೆ ಎಲ್ಲಿಂದ ಬರಬೇಕು? ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಮೂರನೆಯ ಸಲ ಬಸುರಾದವಳಿಗೆ, ಕೂಲಿ ತಪ್ಪಿದರೆ ಮನೆಯ ಒಲೆ ಹತ್ತದವಳಿಗೆ, ಮಗುವನ್ನು ಉಳಿಸಿಕೋ ಎಂದು ಬರಿಗೈಯಲ್ಲಿ ಉಪದೇಶ ಮಾಡಲು ನನಗೆ ನಾಚಿಕೆಯಾಗುತ್ತದೆ. ಸಾಕಲಾಗದ ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು, ಮರುಯೋಚನೆಗೆ ಎರಡು ತಿಂಗಳ ಅವಕಾಶವೂ ಇದೆ ಎನ್ನುವುದನ್ನಾದರೂ ಪ್ರತಿ ತಾಯಿ ಕಾರ್ಡಿನ ಜೊತೆ ತಿಳಿಸಬಾರದೇ? ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು, 1971ರ ಕಾಯ್ದೆಯ ಹೊರಗೆ ಗರ್ಭ ತೆಗೆಸಿಕೊಂಡ ಹೆಂಗಸನ್ನೂ ಅಪರಾಧಿಯೆನ್ನುತ್ತದೆ. ಆ ಭಾಗ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ನಮ್ಮ ಯುವಜನ ಸಂಘದ ಗೆಳೆಯರು ಹುಬ್ಬೇರಿಸಿದರು.

ಈಗ ಮತದ ಮಾತು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕೆಂದಿದ್ದ ತನ್ನ 1973ರ ತೀರ್ಪನ್ನು ರದ್ದುಪಡಿಸಿದ ಮೇಲೆ ಅಲ್ಲಿಯ ವಿಡಿಯೋಗಳು ನಮ್ಮ ಹುಡುಗರ ಮೊಬೈಲುಗಳಲ್ಲೂ ಹರಿದಾಡಿದವು. ಅಲ್ಲಿಯಂತೆ ಇಲ್ಲಿ ಈ ಪ್ರಶ್ನೆಗೆ ಒಂದೊಂದು ಕಡೆ ಹಿಡಿದು ನಿಂತ ಎರಡು ಪಕ್ಷಗಳಿಲ್ಲ. 2021ರ ತಿದ್ದುಪಡಿ ಎರಡೂ ಸದನಗಳಲ್ಲಿ ಧ್ವನಿಮತದಿಂದ ಅಂಗೀಕಾರವಾಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯ ಪ್ರಮುಖ ಅಭ್ಯರ್ಥಿಗಳಿಬ್ಬರೂ ಮಹಿಳೆಯರೇ ಆಗಿದ್ದರೂ ಇದು ಚುನಾವಣೆಯ ವಿಷಯವಾಗಲಿಲ್ಲ. ಆದ್ದರಿಂದ ಈ ಹೆಸರಿನಲ್ಲಿ ಯಾವ ಪಕ್ಷಕ್ಕೂ ನನ್ನನ್ನು ಒತ್ತೆಯಿಡುವುದಿಲ್ಲ. ಮತ ಕೇಳಲು ಬಂದವರಿಗೆ ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆ, ಭಟ್ಟಿಯ ಹೆಂಗಸರ ಹೆರಿಗೆ ಭತ್ಯೆ, ಅಂಗವಿಕಲ ಮಕ್ಕಳ ಆಸರೆ ಇವುಗಳ ಬಗ್ಗೆ ನೇರವಾಗಿ ಕೇಳುತ್ತೇನೆ, ಉತ್ತರ ನೋಡಿ ತೀರ್ಮಾನಿಸುತ್ತೇನೆ.

ಕೊನೆಗೆ ನಿನಗೇ ಸಂಬಂಧಿಸಿದ ಒಂದು ವಿಷಯ. ವೈದ್ಯಕೀಯ ಕಾರಣವಿರುವಾಗ, ಬರಿಯ ಧಾರ್ಮಿಕ ಕಾರಣ ಕೊಟ್ಟು ಗರ್ಭಪಾತಕ್ಕೆ ನೆರವಾಗಲು ವೈದ್ಯನು ನಿರಾಕರಿಸುವಂತಿಲ್ಲ ಎಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿದೆ. ತಾಯಿಯ ಪ್ರಾಣ ಅಪಾಯದಲ್ಲಿರುವಾಗ ಈ ನಿಯಮ ಸರಿಯೇ. ಉಳಿದ ಸಂದರ್ಭಗಳಲ್ಲಿ, ಬೇರೊಬ್ಬ ವೈದ್ಯರು ಅಲ್ಲೇ ಲಭ್ಯವಿರುವಾಗ, ಮನಸ್ಸೊಪ್ಪದವನಿಗೆ ಹಿಂದೆ ಸರಿಯುವ ಅವಕಾಶ ಇರಬೇಕೆಂದು ನನ್ನ ವಾದ. ವಾರ್ಡಿನಲ್ಲಿ ಇದು ನಿಜಕ್ಕೂ ಹೇಗೆ ನಡೆಯುತ್ತದೆ, ಯಾರಾದರೂ ಹಿಂದೆ ಸರಿದದ್ದನ್ನು ನೋಡಿದ್ದೀಯಾ, ಅದರಿಂದ ರೋಗಿಗೆ ತೊಂದರೆಯಾಯಿತೇ ಎನ್ನುವುದನ್ನು ವಿವರವಾಗಿ ಬರೆ.

ಇಂತಿ ನಿನ್ನ ಗೆಳೆಯ