ಕತ್ತರಿಸಿದ ಬೈಬಲ್ಲು ಮತ್ತು ಯಾರೂ ಕೇಳದ ಬಿಷಪ್ಪು

ಮಾನ್ಯ ಸಂಪಾದಕರೇ,

ಕ್ರೈಸ್ತ ಧರ್ಮದ ಇತಿಹಾಸದ ಮಾತು ಬಂದರೆ ಸಾಕು, ಜನ ಎರಡು ಗುಂಪಾಗುತ್ತಾರೆ. ಗುಲಾಮಗಿರಿಯನ್ನು ನಿಲ್ಲಿಸಿದ್ದೇ ಕ್ರೈಸ್ತರು ಅಂತ ಒಬ್ಬರು, ಸಾಕಿ ಬೆಳೆಸಿದ್ದೇ ಅವರು ಅಂತ ಇನ್ನೊಬ್ಬರು. ಎರಡೂ ನಿಜ. ನನಗೆ ನಿದ್ದೆಗೆಡಿಸುವುದು ಅದೇ.

1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸ್‌ನ ಗುಲಾಮರಿಗೆ ಅಂತಲೇ ಆಯ್ದು ಮಾಡಿದ್ದು. ಬ್ರಿಟನ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದೂ ಅದೇ ವರ್ಷ. ಆ ಬೈಬಲ್ಲಿನಲ್ಲಿ ಯೋಸೇಫನನ್ನು ಅಣ್ಣಂದಿರು ಗುಲಾಮನಾಗಿ ಮಾರಿದ ಕಥೆ ಇದೆ, ಅವನು ನಿಯತ್ತಿನಿಂದ ದುಡಿದು ಮೇಲೆ ಬಂದದ್ದೂ ಇದೆ. ಮೋಶೆ ತನ್ನ ಜನರನ್ನು ಐಗುಪ್ತದ (ಈಜಿಪ್ಟಿನ) ಬಿಟ್ಟಿ ಚಾಕರಿಯಿಂದ ಬಿಡಿಸಿಕೊಂಡು ಹೊರಟ ಕಥೆ ಇಲ್ಲ. ದಾಸರು ಯಜಮಾನರ ಮಾತು ಕೇಳಬೇಕು ಎನ್ನುವ, ಬೈಬಲ್ಲಿನ ಪತ್ರವೊಂದರ ಮಾತು ಇದೆ, ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಯೇಸುವಿನ ಸಂದೇಶ ಸಾರಿದ ಪೌಲ ಗಲಾತ್ಯ ಸೀಮೆಯ ಕ್ರೈಸ್ತರಿಗೆ ಬರೆದದ್ದು ಇಲ್ಲ. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮಾಯ. ಯಾರೋ ಕೂತು, ಒಂದೊಂದೇ ಹಾಳೆ ತಿರುಗಿಸಿ, ಇದು ಇರಲಿ ಇದು ಬೇಡ ಅಂತ ಆರಿಸಿದ್ದಾರೆ ಅಲ್ವಾ? ಅದೂ ಧರ್ಮಪ್ರಚಾರಕ್ಕೆ ಹೊರಟವರು!

ಆಗ ಕಾಲವೇ ಹಾಗಿತ್ತು, ಯಾರಿಗೂ ಬೇರೆ ಯೋಚನೆ ಹೊಳೆದಿರಲಿಲ್ಲ ಅಂತ ಸಮಾಧಾನ ಹೇಳುವವರಿದ್ದಾರೆ. ಹೊಳೆದಿತ್ತು. 4ನೇ ಶತಮಾನದಲ್ಲೇ ನಿಸ್ಸಾದ ಗ್ರೆಗರಿ ಎಂಬ ಬಿಷಪ್, ಈಗಿನ ಟರ್ಕಿಯ ನೆಲದಲ್ಲಿ ನಿಂತು, ಗುಲಾಮರನ್ನು ಕೊಳ್ಳುವವರಿಗೆ ನೇರವಾಗಿ ಕೇಳಿದ್ದರು: ದೇವರ ಸ್ವರೂಪಕ್ಕೆ, ಅಂದರೆ ದೇವರು ತನ್ನ ರೂಪದಲ್ಲೇ ಮಾಡಿದ ಮನುಷ್ಯನಿಗೆ, ಎಷ್ಟು ಕಾಸು ಕೊಟ್ಟೆ? ಅಷ್ಟು ಖಡಕ್ಕಾದ ಪ್ರಸಂಗವನ್ನು (ಚರ್ಚಿನ ಪ್ರವಚನವನ್ನು) ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚರ್ಚುಗಳೇ ಗುಲಾಮರನ್ನು ಇಟ್ಟುಕೊಂಡಿದ್ದವು. 1688ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ನಾಲ್ವರು ಗುಲಾಮಗಿರಿಯ ವಿರುದ್ಧ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಸಭೆಗೆ ಮನವಿ ಬರೆದರು. ಸಭೆಯಿಂದ ಸಭೆಗೆ ಹೋಗಿ ಮೂಲೆ ಸೇರಿತು. ಅಲ್ಲಿನ ಕ್ವೇಕರರು ತಮ್ಮವರು ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ತೀರ್ಮಾನಿಸುವಷ್ಟರಲ್ಲಿ 1776 ಬಂದಿತ್ತು.

ಬಾರ್ಬಡೋಸ್‌ನ ಕಾಡ್ರಿಂಗ್ಟನ್ ಕಬ್ಬಿನ ತೋಟವಂತೂ ಇಂಗ್ಲೆಂಡಿನ ಚರ್ಚಿನ ಪ್ರಚಾರಕ ಸೊಸೈಟಿಯದ್ದೇ. ಮೊದಮೊದಲು ಅಲ್ಲಿನ ಗುಲಾಮರ ಎದೆಗೆ ಕಾದ ಕಬ್ಬಿಣದಿಂದ 'ಸೊಸೈಟಿ' ಅಂತ ಬರೆ ಹಾಕುತ್ತಿದ್ದರು. 1833ರ ಕಾಯ್ದೆ ಗುಲಾಮಗಿರಿಯನ್ನು ರದ್ದು ಮಾಡಿದಾಗ ಪರಿಹಾರ ಸಿಕ್ಕಿದ್ದು ಯಜಮಾನರಿಗೆ, ಒಟ್ಟು 2 ಕೋಟಿ ಪೌಂಡ್. ಆ ಸೊಸೈಟಿಗೆ 411 ಜನರ ಲೆಕ್ಕದಲ್ಲಿ 8,823 ಪೌಂಡ್ ಬಂತು. ತಲೆಗೆ ಸುಮಾರು 21 ಪೌಂಡ್. ಗ್ರೆಗರಿ ಕೇಳಿದ ಪ್ರಶ್ನೆಗೆ ಉತ್ತರ ಚರ್ಚಿನವರ ಲೆಕ್ಕದ ಪುಸ್ತಕಕ್ಕೇ ಬಂದು ಸೇರಿತು. ದುಡಿದವರಿಗೆ ಚಿಕ್ಕಾಸಿಲ್ಲ. ಚರ್ಚು ಕ್ಷಮೆ ಕೇಳಿದ್ದು 2006ರಲ್ಲಿ.

ಇದನ್ನೆಲ್ಲ ಧರ್ಮವನ್ನು ಬೈಯಲು ಬರೆಯುತ್ತಿಲ್ಲ. ವಿಲ್ಬರ್‌ಫೋರ್ಸ್‌ರಂಥವರು ಬ್ರಿಟನ್ ಸಂಸತ್ತಿನಲ್ಲಿ ಗುಲಾಮಗಿರಿಯ ವಿರುದ್ಧ ವರ್ಷಗಟ್ಟಲೆ ಗುದ್ದಾಡಿದ್ದು ಬೈಬಲ್ ಓದಿಯೇ. ನನ್ನ ತಕರಾರು ಒಂದೇ. ಸಂಪ್ರದಾಯ ಅಂದಾಗ ನಾವು ಸುಮ್ನೆ ಗೆದ್ದವರ ರೂಢಿಯನ್ನೇ ಎಣಿಸುತ್ತೇವೆ. ಗ್ರೆಗರಿಯೂ ಸಂಪ್ರದಾಯವೇ, ಮೂಲೆ ಸೇರಿದ ಆ ಮನವಿಯೂ ಸಂಪ್ರದಾಯವೇ. 2021ರಲ್ಲೂ ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಬಲವಂತದ ದುಡಿಮೆಯಲ್ಲೋ ಬಲವಂತದ ಮದುವೆಯಲ್ಲೋ ಸಿಕ್ಕಿಕೊಂಡಿದ್ದರು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜು ಮಾಡಿದೆ. ಅವರ ಬಗ್ಗೆ ಚರ್ಚುಗಳು ಪ್ರಸಂಗ ಮಾಡುವಾಗ ಆ ಬಿಷಪ್ಪನ ಪ್ರಶ್ನೆಯನ್ನು ಜೋರಾಗಿ ಓದಲಿ. ನಿಮ್ಮ ಪತ್ರಿಕೆಯೂ ಕ್ರೈಸ್ತ ಇತಿಹಾಸದ ಬಗ್ಗೆ ಬರೆಸುವಾಗ 1807ರ ಆ ಬೈಬಲ್ಲನ್ನೂ ಗ್ರೆಗರಿಯನ್ನೂ ಒಂದೇ ಪುಟದಲ್ಲಿ ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ